ಆತು ಬಿಡ್ರಿ

ಕಾರು ಗಡಿಯೂರು ನಾರಾಯಣಪೇಟೆಯ ಹತ್ತಿರ ಬರುತ್ತಿದ್ದಂತೆ ನಮ್ಮ ಮ್ಯಾನೇಜರು ಗುಂಡಿ ಬಿಚ್ಚಿ, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಳ್ಳುತ್ತಿದ್ದರು. ಬಿಸಿಲು ಕಾಣದೆ ಬಿಳಿಚಿಕೊಂಡ ಕೈಗಳು. ಹೈದರಾಬಾದಿನ ಆಫೀಸಿನಲ್ಲಿ ಅವನ್ನು ಯಾರೂ ನೋಡಿದವರಿಲ್ಲ. ತೋಳು ಮೇಲೇರಿತೆಂದರೆ ಇಂಗ್ಲಿಷು, ತೆಲುಗು ಎರಡೂ ಹಿಂದೆ ಸರಿದು ಅವ್ವನ ಕನ್ನಡ ಬಾಯಿಗೆ ಬರುತ್ತಿತ್ತು. ಅವರು ಅದೇ ಊರಿನ ನೇಕಾರರ ಮನೆಯವರು. ಕಂಪನಿ ಅವರನ್ನು ಈ ಕಡೆ ಕಳಿಸುತ್ತಿದ್ದುದೂ, ಪಕ್ಕದ ಮಕ್ತಲಿನವಳಾದ ನನ್ನನ್ನು ಅವರ ಕೈಕೆಳಗೆ ಹಾಕಿದ್ದೂ ಭಾಷೆಯ ಆಸೆಗೇ.

ನಮ್ಮದು ಸಲಹೆ ಮಾರುವ ಕಂಪನಿ. ಮನೆಯಲ್ಲಿ ಇದನ್ನು ವಿವರಿಸಲು ಹೋಗಿ ಸೋತಿದ್ದೇನೆ. ಅಪ್ಪ ಇಂದಿಗೂ ನನಗೆ ಬ್ಯಾಂಕಿನಲ್ಲಿ ಕೆಲಸವೆಂದೇ ಹೇಳಿಕೊಂಡು ತಿರುಗುತ್ತಾರೆ. ದುಡ್ಡು ಕೊಡುವವರಿಗೆ ಯಾವ ಸಲಹೆ ಬೇಕೆಂಬುದು ಮೊದಲೇ ಗೊತ್ತಿರುತ್ತದೆ, ಅದನ್ನು ಬೇರೆಯವರ ಬಾಯಿಂದ ಹೇಳಿಸುವುದಷ್ಟೇ ನಮ್ಮ ಉದ್ಯೋಗ. ಹೀಗೆ ಬಿಡಿಸಿ ಹೇಳಿಕೊಟ್ಟವರು ನಮ್ಮ ಮ್ಯಾನೇಜರೇ. ಸ್ಲೈಡಿನಲ್ಲಿ ಕಡಿಮೆ ಬರೆದಷ್ಟೂ ಜನ ಹೆಚ್ಚು ನಂಬುತ್ತಾರೆಂದೂ, ಯಾರ ಮನೆಯಲ್ಲೂ ಚಹಾ ಬೇಡ ಅನ್ನಬಾರದೆಂದೂ ಕಲಿಸಿದರು. ನಾನು ಜ್ವರದಿಂದ ಮಲಗಿದ್ದಾಗ ನನ್ನ ಕೆಲಸ ತಾವೇ ಮಾಡಿ ನನ್ನ ಹೆಸರು ಹಾಕಿದರು. ಒಳ್ಳೆಯವರು. ನನಗೆ ಸಿಟ್ಟಿರುವುದೂ ಅದಕ್ಕೇ.

ಒಂದು ಸಲ ಕ್ಲೈಂಟಿಗೆ ನೇಕಾರರ ಒಪ್ಪಿಗೆ ಬೇಕಾಗಿತ್ತು. ಮನೆಮನೆಯ ಮಗ್ಗಗಳನ್ನೆಲ್ಲ ಊರಾಚೆಯ ಶೆಡ್ಡಿಗೆ ಸಾಗಿಸುವ ಯೋಜನೆ. ಸೀರೆ ನೇಯುತ್ತಿದ್ದ ಒಬ್ಬ ಮುದುಕಿ ಮಗ್ಗದಿಂದ ಏಳದೆಯೇ ಕೇಳಿದಳು: "ಒಲಿ ಮ್ಯಾಲೆ ಅನ್ನ ಇಟ್ಟು ನೇಯಾಕಿ ನಾನು. ಅಲ್ಲಿಗೆ ಹೆಂಗ ಬರಾಕ ಆಗತೈತ್ರಿ?"

ನಮ್ಮ ಮ್ಯಾನೇಜರು ನೆಲದ ಮೇಲೆ ಕೂತು, ಮನೆಮಗನ ಹಾಗೆ ಬಹಳ ಹೊತ್ತು ಮಾತಾಡಿದರು. ಶೆಡ್ಡಿನ ಗಾಳಿ, ಬೆಳಕು ಎಲ್ಲ ಹೇಳಿದರು. ಆಕೆ ಕಡೆಗೆ, "ಆತು ಬಿಡ್ರಿ," ಅಂದಳು.

ನಮ್ಮ ಕಡೆ ಹಾಗೆ ಅಂದರೆ ಒಪ್ಪಿಗೆಯಲ್ಲ. ನಿಮ್ಮ ಜೊತೆ ವಾದಿಸಿ ಉಪಯೋಗವಿಲ್ಲ, ಇನ್ನು ಎದ್ದು ಹೋಗಿ ಎನ್ನುವುದನ್ನು ಮರ್ಯಾದೆ ಕೆಡದಂತೆ ಹೇಳುವ ಬಗೆ. ಕಾರಿನಲ್ಲಿ ತೋಳು ಇಳಿಸಿ ಅವರು ಲ್ಯಾಪ್‌ಟಾಪಿನಲ್ಲಿ 'ಒಪ್ಪಿದ್ದಾರೆ' ಎಂದು ಬರೆದರು. ಆಕೆ ಬೇಡವೆಂದಳಲ್ಲ ಸಾರ್ ಎಂದೆ.

"ನನಗ ಗೊತ್ತಿಲ್ಲೇನು ತಂಗಿ? ನಮ್ಮವ್ವನೂ ಹಂಗ ಅಂತಿದ್ಲು," ಎಂದು ಗುಂಡಿ ಹಾಕಿಕೊಂಡರು. "ಆದ್ರ ಇಲ್ಲ ಅಂತ ಬಾಯಿ ಬಿಟ್ಟು ಅಂದಿಲ್ಲಲ್ಲ. ಒಪ್ಪಿದಂಗ ಆತು."

ಶೆಡ್ಡು ಎದ್ದಿತು. ಮುದುಕಿ ನೇಯುವುದನ್ನೇ ಬಿಟ್ಟಳೆಂದು ಆಮೇಲೆ ಕೇಳಿದೆ.

ಮರುವರ್ಷ ಕಂಪನಿಗೆ ನಮ್ಮ ಮ್ಯಾನೇಜರು ಭಾರವಾದರು. ಕೆಲಸ ನನಗೆ ಒಪ್ಪಿಸಬೇಕೆಂದು ನನ್ನನ್ನೂ ಆ ಕೋಣೆಗೆ ಕರೆದಿದ್ದರು. ಡೈರೆಕ್ಟರು ತೆಲುಗಿನಲ್ಲಿ ನಯವಾಗಿ, ತಾವಾಗಿಯೇ ಬಿಟ್ಟರೆ ಇಬ್ಬರಿಗೂ ಮರ್ಯಾದೆ ಎಂದರು. ನಮ್ಮ ಮ್ಯಾನೇಜರು ಗುಂಡಿ ಬಿಚ್ಚಿ ಅಂಗಿಯ ತೋಳು ಮಡಚಿಕೊಂಡರು. ಆಫೀಸಿನಲ್ಲಿ ಅದೇ ಮೊದಲ ಸಲ. "ಆತು ಬಿಡ್ರಿ," ಅಂದರು.

ಏನೆಂದರೆಂದು ಡೈರೆಕ್ಟರು ನನ್ನ ಮುಖ ನೋಡಿದರು. ಬಿಡಲು ಮನಸ್ಸಿಲ್ಲ, ನಿಮ್ಮ ಜೊತೆ ಮಾತು ಸಾಕೆಂದರು ಎಂದು ಇದ್ದದ್ದನ್ನೇ ಹೇಳಿದೆ. ಡೈರೆಕ್ಟರು ನಕ್ಕರು. "ಒಪ್ಪುಕುನ್ನಟ್ಲೇ ಕದಾ," ಅಂದರು. ಒಪ್ಪಿದ ಹಾಗೇ ಅಲ್ಲವೇ. ಸಂಜೆ ಬಂದ ಇಮೇಲಿನಲ್ಲಿ 'ಪರಸ್ಪರ ಒಪ್ಪಿಗೆಯಿಂದ' ಎಂದಿತ್ತು.

ನಮ್ಮ ಮ್ಯಾನೇಜರು ಹೆಂಡತಿಯ ತವರು ಗದ್ವಾಲಕ್ಕೆ ಹೋದರು. ಬೇರೆ ಕೆಲಸ ಸಿಗಲಿಲ್ಲ. ಬೇಸಿಗೆಯಲ್ಲಿ ಎದೆನೋವು ಬಂದು ಹೋಗಿಯೇಬಿಟ್ಟರು.

ಸುದ್ದಿ ತಿಳಿದು ಕಂಪನಿಗೆ ಪ್ರೀತಿ ಉಕ್ಕಿತು. ಡೈರೆಕ್ಟರೇ ಗದ್ವಾಲಕ್ಕೆ ಹೋಗಿ ಫೋಟೋಕ್ಕೆ ಮಾಲೆ ಹಾಕುವುದು, ಜೊತೆಗೆ ಕ್ಯಾಮೆರಾದವನು. ಮನೆಯವರ ಒಪ್ಪಿಗೆ ಕೇಳು ಎಂದು ನನಗೆ ಹೇಳಿದರು; ನಮ್ಮ ಮ್ಯಾನೇಜರ ಕುರ್ಚಿಯಲ್ಲಿ ಈಗ ಕೂರುವವಳು ನಾನು. ಫೋನಿನಲ್ಲಿ ಅವರ ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಆತು ಬಿಡ್ರಿ," ಅಂದರು.

ಬೇಡವಂತೆ ಎಂದು ಆಫೀಸಿಗೆ ಬರೆದು ಕಳಿಸಿದೆ.