ಮೂಲೆಯಲ್ಲಿದ್ದ ಬಿಂದು

ರೇಣುಕಾ, ಅಂದು ನಾನು ಬೋರ್ಡಿನ ಮೇಲೆ ಬರೆದ ಇನ್ನೂರು ತಪ್ಪು. ನೀವು ಹೇಳಿದ ನೂರೇ ಸರಿ. ಇದು ನನಗೆ ಆಮೇಲೆ ಯಾವಾಗಲೋ ಹೊಳೆದದ್ದಲ್ಲ — ಅಂದೇ, ನೀವಿನ್ನೂ ನಿಂತಿರುವಾಗಲೇ, ನಿಮ್ಮ ಮಾತು ಮುಗಿಯುವ ಮೊದಲೇ ಗೊತ್ತಾಗಿತ್ತು. ಗೊತ್ತಾದ ಮೇಲೆಯೇ ನಿಮ್ಮನ್ನು ಗದರಿಸಿ ಕೂರಿಸಿದೆ.

ಒಂಬತ್ತು ವರ್ಷವಾಯಿತು. ಈಗ "ನೀವು" ಎಂದು ಬರೆಯುತ್ತಿದ್ದೇನೆ, ಆಗ "ನೀನು" ಎನ್ನುತ್ತಿದ್ದೆ. ದೆಹಲಿಯ ಲಕ್ಷ್ಮೀ ನಗರದ ಆ ಕೋಚಿಂಗ್‌ನ ಮೂರನೇ ಮಹಡಿಯಲ್ಲಿ ಬೇರೆಲ್ಲ ವಿದ್ಯಾರ್ಥಿಗಳಿಗೂ "ಆಪ್" ಎನ್ನುತ್ತಿದ್ದವನು ನಿಮಗೊಬ್ಬರಿಗೆ ಮಾತ್ರ ಏಕವಚನ. ನಮ್ಮ ಕಡೆಯ ಹುಡುಗಿ ಎಂಬ ಸಲಿಗೆ. ನನ್ನದು ಮೈಸೂರು, ನಿಮ್ಮದು ಹಾವೇರಿ. ಊರಲ್ಲಿದ್ದಿದ್ದರೆ ನಿಮ್ಮ ಕನ್ನಡ ಕೇಳಿ ನಾನು, ನನ್ನ ಕನ್ನಡ ಕೇಳಿ ನೀವು ನಗುತ್ತಿದ್ದೆವು. ದೆಹಲಿಯಲ್ಲಿ ಇಬ್ಬರದೂ ಒಂದೇ ಊರು. ಆ ಸಲಿಗೆಯನ್ನು ನಾನು ಯಾತಕ್ಕೆ ಬಳಸಿಕೊಂಡೆ ಎನ್ನುವುದನ್ನೇ ಇಲ್ಲಿ ಬರೆಯಬೇಕಾಗಿದೆ.

ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಬೇಸರಿಸಬೇಡಿ. ಮೇಷ್ಟ್ರ ಚಾಳಿ ಅಂದುಕೊಳ್ಳಿ.

ಕೇಂದ್ರ ಸರ್ಕಾರದ ಎಂಜಿನಿಯರ್ ಹುದ್ದೆಗಳ ಪರೀಕ್ಷೆಗೆ ನಾನು ಕಲಿಸುತ್ತಿದ್ದದ್ದು ಸ್ಟ್ಯಾಟಿಕ್ಸ್ — ವಸ್ತು ಅಲುಗದೆ ನಿಂತಿರುವಾಗ ಅದರ ಮೇಲಿನ ಬಲಗಳ ಲೆಕ್ಕ. ಎಲ್ಲ ಬಲಗಳನ್ನೂ ಒಂದು ಬಿಂದುವಿಗೆ ತಂದು, ತಳ್ಳುವುದು ಎಷ್ಟು, ತಿರುಗಿಸುವುದು ಎಷ್ಟು ಎಂದು ಕೂಡಿಸುವುದು. ಕೋಚಿಂಗ್ ಮೇಷ್ಟ್ರಿಗೆ ಹೆಸರು ಬರುವುದು ಪಾಠದಿಂದಲ್ಲ, ಟ್ರಿಕ್ಕಿನಿಂದ. ನನ್ನದೂ ಒಂದಿತ್ತು. ಕಪಲ್ ಅಂದರೆ ಸಮನಾದ ಎರಡು ಬಲ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಎರಡು ಬೆರಳಲ್ಲಿ ನಲ್ಲಿ ತಿರುಗಿಸಿದ ಹಾಗೆ. "ಎರಡೂ ಒಂದೇ ಕಡೆಗೆ ತಿರುಗಿಸುತ್ತವೆ, ಕಣ್ಣು ಮುಚ್ಚಿ ಕೂಡಿಸಿ" — ಇದು ನನ್ನ ಟ್ರಿಕ್ಕು. ವರ್ಷಗಟ್ಟಲೆ ನಡೆಯಿತು. ಯಾಕೆ ನಡೆಯಿತೆಂದರೆ, ನನ್ನ ಎಲ್ಲ ಲೆಕ್ಕಗಳಲ್ಲೂ ಬಿಂದು ಆ ಎರಡು ಬಲಗಳ ನಡುವೆಯೇ ಇರುತ್ತಿತ್ತು.

ಆ ವರ್ಷ ಕ್ಲಾಸಿಗೆಂದು ನಾನೇ ಬರೆದಿದ್ದ ಪುಸ್ತಕವನ್ನು ಹೊಸದಾಗಿ ಅಚ್ಚು ಹಾಕಿಸುವಾಗ ಒಂದು ಲೆಕ್ಕ ಬದಲಾಯಿಸಿ, ಬಿಂದುವನ್ನು ಚಿತ್ರದಲ್ಲಿದ್ದ ಹಲಗೆಯ ಮೂಲೆಗೆ ಇಟ್ಟೆ. ಐವತ್ತು ನ್ಯೂಟನ್‌ನ ಎರಡು ಬಲ. ಮೂಲೆಯಿಂದ ಒಂದು ಮೀಟರ್ ದೂರದಲ್ಲಿ ಒಂದು, ಮೂರು ಮೀಟರ್ ದೂರದಲ್ಲಿ ಇನ್ನೊಂದು. ಎರಡೂ ಬಿಂದುವಿನ ಒಂದೇ ಪಕ್ಕಕ್ಕಿದ್ದವು. ಅಂಥಲ್ಲಿ ಒಂದರ ತಿರುವು ಇನ್ನೊಂದಕ್ಕೆ ವಿರುದ್ಧ; ಕೂಡಿಸಬಾರದು, ಕಳೆಯಬೇಕು. ನಾನು ಕಣ್ಣು ಮುಚ್ಚಿ ಕೂಡಿಸಿದೆ. ಐವತ್ತು ಮೂರಲೆ ನೂರೈವತ್ತು, ಐವತ್ತು ಒಂದಲೆ ಐವತ್ತು, ಒಟ್ಟು ಇನ್ನೂರು. ಪುಸ್ತಕದಲ್ಲಿ ಹಾಗೇ ಅಚ್ಚಾಯಿತು, ಬೋರ್ಡಿನ ಮೇಲೂ ಹಾಗೇ ಬಂತು.

ನೀವು ಎರಡನೇ ಸಾಲಿನಲ್ಲಿ ಎದ್ದು ನಿಂತಿರಿ. ನಿಮ್ಮ ಹಿಂದಿ ಆಗ ಇನ್ನೂ ಕುಂಟುತ್ತಿತ್ತು. ನನ್ನ ಹತ್ತಿರ ತಾನೇ ಎಂದು ಕನ್ನಡದಲ್ಲೇ ಕೇಳಿದಿರಿ.

"ಸರ್, ಒಂದ್ ಸಂಶಯ ಐತ್ರೀ. ಕಪಲ್ ಎಲ್ಲಿಂದ ನೋಡಿದ್ರೂ ಒಂದ ಅಲ್ರೀ? ನಡುವಿನ ಅಂತರ ಎರಡು ಮೀಟರ್. ನೂರ ಬರಬೇಕಲ್ರೀ ಸರ್?"

ಅಷ್ಟೇ ಸಾಕಾಗಿತ್ತು. ಬೋರ್ಡಿನ ಕಡೆ ತಿರುಗಿ ನೋಡಿದೆ, ತಪ್ಪು ಕಣ್ಣಿಗೆ ಹೊಡೆಯಿತು. ಒರೆಸಿ ನೂರು ಎಂದು ಬರೆಯಲು ಎಷ್ಟು ಹೊತ್ತು ಬೇಕಿತ್ತು? ಆದರೆ ಬಾಗಿಲ ಬಳಿ ಮ್ಯಾನೇಜರು ನಿಂತಿದ್ದರು. ಇಡೀ ಕ್ಲಾಸು ನನ್ನ ಟ್ರಿಕ್ಕನ್ನು ಆಗಷ್ಟೇ ಕೆಂಪು ಪೆನ್ನಿನಲ್ಲಿ ಬರೆದುಕೊಂಡಿತ್ತು. ಇದೆಲ್ಲ ಕಾರಣವೆಂದು ಹೇಳುತ್ತಿಲ್ಲ — ಆ ಕ್ಷಣದಲ್ಲಿ ನನಗೆ ಕಂಡದ್ದನ್ನು ಹೇಳುತ್ತಿದ್ದೇನೆ. ನಿಮ್ಮ ಮುಖ ಕಾಣಲಿಲ್ಲ.

"ಊರಲ್ಲಿ ಕಲಿತಿದ್ದನ್ನ ಊರಲ್ಲೇ ಬಿಟ್ಟು ಬಾ" ಎಂದೆ. "ಕಾಲೇಜು ಪುಸ್ತಕ ಬೇರೆ, ಈ ಪರೀಕ್ಷೆ ಬೇರೆ. ಹೇಳಿದ್ದನ್ನ ಬರ್ಕೊ, ಕೂತ್ಕೊ."

ಇದನ್ನು ಕನ್ನಡದಲ್ಲಿ ಹೇಳಿದೆ, ನಿಮಗೆ ಮಾತ್ರ ಅರ್ಥವಾಗಲಿ ಎಂದು. ಆಮೇಲೆ ಕ್ಲಾಸಿನ ಕಡೆ ತಿರುಗಿ ಹಿಂದಿಯಲ್ಲಿ, ನಗುನಗುತ್ತಾ, "ಮೇಡಂ ನೇ ಸವಾಲ್ ಹೀ ಠೀಕ್ ಸೇ ನಹೀಂ ಪಢಾ" ಎಂದೆ. ಪ್ರಶ್ನೆಯನ್ನೇ ಸರಿಯಾಗಿ ಓದಿಲ್ಲವಂತೆ. ಎಲ್ಲರೂ ನಕ್ಕರು. ನೀವು "ಸಾರೀ ಸರ್" ಎಂದು ಕುಳಿತು, ನೂರು ಎಂದು ಬರೆದದ್ದನ್ನು ಹೊಡೆದುಹಾಕಿದಿರಿ. ನಾನು ಅದನ್ನು ನೋಡಿದೆ. ಆ ಕ್ಲಾಸಿನಲ್ಲಿ ನಮ್ಮಿಬ್ಬರಿಗೆ ಮಾತ್ರ ತಿಳಿಯುವ ಒಂದು ಭಾಷೆ ಇತ್ತಲ್ಲ — ಅದನ್ನು ನಾನು ನಿಮ್ಮ ಬಾಯಿ ಮುಚ್ಚಿಸಲು ಬಳಸಿದೆ. ಹಿಂದಿಯಲ್ಲೇ ಗದರಿಸಿದ್ದರೆ ನಿಮಗೆ ಇಷ್ಟು ತಾಗುತ್ತಿರಲಿಲ್ಲವೇನೋ, ಮತ್ತೆ ಕೈ ಎತ್ತುತ್ತಿದ್ದಿರೇನೋ...

ಮುಂದಿನ ಬ್ಯಾಚಿಗೆ ಪುಸ್ತಕ ತಿದ್ದಿದೆ. ಹೇಗೆ ತಿದ್ದಿದೆ ಎಂಬುದನ್ನು ಹೇಳಲು ನಾಚಿಕೆಯಾಗುತ್ತದೆ. ತಪ್ಪನ್ನು ಒಪ್ಪಿಕೊಳ್ಳಲಿಲ್ಲ, ಟ್ರಿಕ್ಕನ್ನೂ ಬಿಡಲಿಲ್ಲ. ಚಿತ್ರವನ್ನು ಬದಲಿಸಿದೆ. ಮೂಲೆಯಲ್ಲಿದ್ದ ಬಿಂದುವನ್ನು ಎತ್ತಿ ಎರಡು ಬಲಗಳ ಸರಿ ನಡುವೆ ಇಟ್ಟೆ. ಈಗ ಕೂಡಿಸಿದರೂ ನೂರೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನಿಮ್ಮ ಬ್ಯಾಚಿನವರಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ನಿಮ್ಮ ಕೈಯಲ್ಲಿ ಹಳೆಯ ಪುಸ್ತಕವೇ ಉಳಿಯಿತು.

ನಿಮ್ಮ ತಂದೆ ರೈಲ್ವೆಯಲ್ಲಿ ಟ್ರ್ಯಾಕ್‌ಮನ್. ನೀವೇ ಒಮ್ಮೆ ಚಹಾ ಅಂಗಡಿಯ ಮುಂದೆ ಹೇಳಿದ್ದಿರಿ: "ಅಪ್ಪ ಹಳಿ ನೋಡ್ಯಾನ್ರೀ, ನಾ ಬ್ರಿಡ್ಜ್ ನೋಡಾಕಿ." ಮನೆಯಲ್ಲಿ ನಿಮಗೆ ಕೊಟ್ಟಿದ್ದು ಒಂದೇ ವರ್ಷ, ಒಂದೇ ಪರೀಕ್ಷೆ. ಆಗದಿದ್ದರೆ ವಾಪಸ್ಸು ಬಂದು ಊರಿನ ಡಿಪ್ಲೊಮಾ ಕಾಲೇಜಿನಲ್ಲಿ ಸಿಕ್ಕ ಕೆಲಸ ಹಿಡಿಯಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಲು ಆಗಿದ್ದರೆ ಈ ಪತ್ರ ಸುಲಭವಾಗುತ್ತಿತ್ತು.

ಫಲಿತಾಂಶ ಬಂದ ವಾರ ನೀವು ಸಂಸ್ಥೆಗೆ ಬಂದಿರಿ. ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ ಇದ್ದೆ. ಊರಿಗೆ ಹೊರಟಿದ್ದಿರಿ, ಹೇಳಿ ಹೋಗಲು ಬಂದದ್ದು. ಒಂದೇ ಒಂದು ಪ್ರಶ್ನೆಯ ಅಂಕ ಕಡಿಮೆಯಾಗಿತ್ತು ಎಂದಿರಿ. ಯಾವ ಪ್ರಶ್ನೆ ಎಂದು ನಾನು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ನನ್ನ ಕೈ ಹೆಗಲ ಮೇಲಿತ್ತು. ನೀವಾಗಿಯೇ ಹೇಳಿದಿರಿ.

"ಕಪಲ್ ಪ್ರಶ್ನೆ ಬಂದಿತ್ರೀ ಸರ್. ಬಿಂದು ಹೊರಗ ಇತ್ತು. ಮೊದಲ ನಂದ ಉತ್ತರ ಹಾಕಿದ್ದೆ, ಆಮ್ಯಾಗ ನೀವು ಹೇಳಿದ್ದು ನೆನಪಾತು, ಕೂಡಿಸಿ ಹಾಕಿದೆ. ಈಗ ಆನ್ಸರ್ ಕೀ ಒಳಗ ನನ್ನ ಮೊದಲನೇ ಉತ್ತರನ ಐತ್ರೀ."

ಆರೋಪದ ದನಿಯಲ್ಲ ಅದು. ನೀವು ಕೇಳುತ್ತಿದ್ದಿರಿ. ನಿಮ್ಮದು ಸರಿಯಿತ್ತೋ ಇಲ್ಲವೋ ಎಂದು ನನ್ನ ಬಾಯಿಂದ ಕೇಳಿಸಿಕೊಳ್ಳಲು ಬಂದಿದ್ದಿರಿ. ಪರೀಕ್ಷೆಯನ್ನು ವಾಪಸ್ಸು ತರಲು ನನ್ನಿಂದ ಆಗುತ್ತಿರಲಿಲ್ಲ, ಆದರೆ ಇಷ್ಟನ್ನು ಕೊಡಬಹುದಾಗಿತ್ತು.

"ಕೀ ಕೂಡ ಒಂದೊಂದ್ಸಲ ತಪ್ಪಿರುತ್ತೆ" ಎಂದೆ.

ನೀವು "ಹೌದನ್ರೀ" ಎಂದಿರಿ. "ಬರ್ತೀನ್ರೀ ಸರ್" ಎಂದು ಹೋದಿರಿ. ಕ್ಲಾಸಿನಲ್ಲಿ ಹೇಳಿದ ಸುಳ್ಳಿಗೆ ಗಡಿಬಿಡಿ ಎಂಬ ನೆಪವಾದರೂ ಇದೆ. ಈ ಎರಡನೆಯದು ಕೂತು, ಯೋಚಿಸಿ, ಎದುರಿಗೆ ಬೇರೆ ಯಾರೂ ಇಲ್ಲದಾಗ ಹೇಳಿದ್ದು.

ಈಗ ಯಾಕೆ ಬರೆಯುತ್ತಿದ್ದೇನೆ? ಹೋದ ಭಾನುವಾರ ಇಂದಿರಾಪುರಂನ ನಮ್ಮ ಮನೆಯಲ್ಲಿ ನನ್ನ ಮಗಳು ಅಟ್ಟದಿಂದ ಆ ಹಳೆಯ ಪುಸ್ತಕ ತೆಗೆದಳು. ಎಂಜಿನಿಯರಿಂಗ್ ಮೊದಲ ವರ್ಷ ಅವಳಿಗೆ. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಧ, ಹಿಂದಿ ಅರ್ಧ.

"ಅಪ್ಪಾ, ಯೇ ತೋ ಗಲತ್ ಹೈ ನಾ? ಪಾಯಿಂಟ್ ಹೊರಗಡೆ ಇದೆ. ಮೈನಸ್ ಮಾಡ್ಬೇಕಲ್ವಾ?"

"ಹೌದು, ತಪ್ಪು" ಎಂದೆ.

"ಅಚ್ಛಾ" ಎಂದು ಪೆನ್ಸಿಲಿನಲ್ಲಿ ತಿದ್ದಿಕೊಂಡು ಹೋದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಎರಡು ಮಾತು, ರೇಣುಕಾ. ಮಗಳಿಗೆ ಅಷ್ಟು ಸಲೀಸಾಗಿ ಹೇಳಿದ್ದನ್ನು ನಿಮಗೆ ಎರಡು ಸಲವೂ ಹೇಳಲಿಲ್ಲ. ಅವಳು ಹೋದ ಮೇಲೆ ದುಃಖವಾಯಿತು — ಬೇರೆ ಪದ ಹುಡುಕುವುದಿಲ್ಲ.

ನಿಮ್ಮ ವಿಳಾಸವನ್ನು ನಿಮ್ಮ ಬ್ಯಾಚಿನ ಒಬ್ಬರು ಕೊಟ್ಟರು. ಅದೇ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೀರಂತೆ. ಚೆನ್ನಾಗಿ ಮಾಡುತ್ತೀರಂತೆ. ಅದನ್ನು ಕೇಳಿ ನನ್ನ ಮನಸ್ಸು ಕೂಡಲೇ ಸಮಾಧಾನ ಮಾಡಿಕೊಳ್ಳಲು ಹೊರಟಿತು, ಎಲ್ಲ ಒಳ್ಳೆಯದಕ್ಕೇ ಆಯಿತು ಎಂದು. ತಡೆದೆ. ನೀವು ಸೇತುವೆ ನೋಡಬೇಕು ಎಂದಿದ್ದಿರಿ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ಉತ್ತರ ಕೊಡುವ ಕೆಲಸವೂ ನಿಮ್ಮ ಮೇಲೇ ಬೀಳುತ್ತದೆ. ಕೀ ತಪ್ಪಿರಲಿಲ್ಲ. ಅಂದು ನೀವು ಕೇಳಲು ಬಂದದ್ದು ಇಷ್ಟನ್ನೇ, ತೆಗೆದುಕೊಳ್ಳಿ.

ಸೋಮವಾರ ಹೊಸ ಬ್ಯಾಚು ಶುರು. ಬಿಂದುವನ್ನು ಮತ್ತೆ ಮೂಲೆಯಲ್ಲಿಟ್ಟು ಚಿತ್ರ ಬರೆಯುತ್ತೇನೆ. ಮೊದಲು ನನ್ನ ಇನ್ನೂರನ್ನು ಬರೆದು, ಇದು ನಾನು ಮಾಡಿದ ತಪ್ಪು ಎಂದು ಹೇಳುತ್ತೇನೆ. ಆಮೇಲೆ ಅದನ್ನು ಹೊಡೆದುಹಾಕಿ ನೂರು ಬರೆದು, ಎರಡನೇ ಸಾಲಿನಲ್ಲಿ ಎದ್ದು ನಿಂತು ಇದನ್ನು ಹೇಳಿದವರ ಹೆಸರು ಹೇಳುತ್ತೇನೆ. ಹಿಂದಿಯಲ್ಲೇ ಹೇಳುತ್ತೇನೆ, ಎಲ್ಲರಿಗೂ ತಿಳಿಯುವ ಹಾಗೆ.