ಮುಖವಿಲ್ಲದ ಮದುಮಗ

ಮೂರು ವರ್ಷಗಳ ಹಿಂದೆ ನನ್ನ ಕೈಗೆ ಒಂದು ಮದುವೆ ಫೋಟೋ ಬಂತು. ಅದರಲ್ಲಿ ಮದುಮಗನಿಗೆ ಮುಖವೇ ಇರಲಿಲ್ಲ.

ರುಮಾಲಿತ್ತು. ಕೋಟಿತ್ತು. ಮೊಣಕಾಲ ಮೇಲೆ ಊರಿಕೊಂಡ ಎರಡು ದಪ್ಪ ಕೈಗಳಿದ್ದವು. ಮುಖ ಇರಬೇಕಾದ ಜಾಗದಲ್ಲಿ ಮಾತ್ರ ಹಣೆಯ ಬಾಸಿಂಗದಿಂದ ಇಳಿಬಿಟ್ಟ ಮಲ್ಲಿಗೆಯ ಎಳೆಗಳು. ನಮ್ಮ ಕಡೆಯ ಮದುವೆಗಳಲ್ಲಿ ನೀವೂ ನೋಡಿರುತ್ತೀರಿ. ಅಕ್ಕಿಕಾಳು ಬೀಳುವ ತನಕ ಆ ಹೂವನ್ನು ಸರಿಸಬಾರದು ಅಂತ ಮನೆಯ ಹಿರಿಯ ಹೆಂಗಸರು ಪಟ್ಟು ಹಿಡಿದರಂತೆ. ಫೋಟೋಗ್ರಾಫರನಿಗೆ ಅದೇ ಮುಹೂರ್ತಕ್ಕೆ ಇನ್ನೊಂದು ಮದುವೆ ಇತ್ತು. ಹೂವಿನದೇ ಫೋಟೋ ತೆಗೆದು ಹೊರಟುಹೋದ.

ಆ ಫೋಟೋ ಹಿಡಿದು ನನ್ನ ಕೋಣೆಗೆ ಬಂದವರು ಅದರಲ್ಲಿದ್ದ ಮದುಮಗಳೇ. ಹೆಸರು ಶಾಂತಾಬಾಯಿ. ಊರು ಕಮಲಾಪುರ. ಗಂಡ ಕಾಮಾಲೆಯಾಗಿ ತೀರಿಕೊಂಡು ಹತ್ತು ತಿಂಗಳಾಗಿತ್ತು. ಕಂಕುಳಲ್ಲಿ ಒಂದೂವರೆ ವರ್ಷದ ಹೆಣ್ಣುಕೂಸು. ವರ್ಷದ ಕಾರ್ಯಕ್ಕೆ ಗೋಡೆಗೆ ಹಾಕಲು ಗಂಡನ ಚಿತ್ರ ಬೇಕಾಗಿತ್ತು. ಬೇರೆ ಫೋಟೋ ಇಲ್ಲವೇ ಅಂತ ಕೇಳಿದೆ. ಇಲ್ಲ ಅಂದರು. (ಆಶ್ಚರ್ಯ ಯಾಕೆ? ದಿನವೆಲ್ಲ ಬಾಳೆ ತೋಟದಲ್ಲಿ ದುಡಿಯುವ ಮನುಷ್ಯನಿಗೆ ಫೋಟೋ ಬೇಕಾಗುವಂಥ ಕೆಲಸ ಯಾವುದು ಬರುತ್ತದೆ?)

ಅವರನ್ನು ನನ್ನ ಹತ್ತಿರ ಕಳಿಸಿದ್ದು ನಗರದ ಸೂಪರ್ ಮಾರ್ಕೆಟ್ ಬೀದಿಯಲ್ಲಿ ಫೋಟೋಗಳಿಗೆ ಫ್ರೇಮ್ ಹಾಕುವ ಖಾಜಾಸಾಬ್. ಅವನ ಅಂಗಡಿಯ ಮೇಲೆಯೇ ನನ್ನ ಕೋಣೆ. ಅಲ್ಲಿ ನಾನು ಯಾರಿಗೂ ಬೇಡದ ಚಿತ್ರ ಬರೆಯುತ್ತೇನೆ, ಭಾನುವಾರ ಹತ್ತಾರು ಹುಡುಗ ಹುಡುಗಿಯರಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಸತ್ತವರ ಚಿತ್ರ ಬರೆದು ಖಾಜಾಸಾಬನಿಗೆ ಅನುಭವವಿಲ್ಲದಿದ್ದರೂ ಬರೆಸಿ ಬರೆಸಿ ಪಳಗಿದ್ದಾನೆ. ಮೆಟ್ಟಿಲ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು ದಾರಿ ಹೇಳಿದ.

"ಸತ್ತವಂದು ಸಗಾ ಅಣ್ಣ, ಒಡಹುಟ್ಟಿದಾವ, ಅದಾನಲ್ಲ ಸಾಬ್, ಅವನ್ನ ಕರೆಸಿ ಕೂಡಿಸ್ರಿ. ಮೀಸಿ ಜರಾ ತೆಳ್ಳಗ ಮಾಡ್ರಿ, ಕೂದಲಾ ಕರ್ರಗ ಮಾಡ್ರಿ. ಖತಂ."

ಈ ಧಂದೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ತಮ್ಮ ಸತ್ತರೆ ಅಣ್ಣನ ಮುಖ, ತಾಯಿ ಸತ್ತರೆ ಮಗಳ ಮುಖಕ್ಕೆ ನಾಲ್ಕು ಗೆರೆ ಜಾಸ್ತಿ. ನಾನು ನಕ್ಕೆ. ನಾನು ಮಾಡರ್ನ್ ಆರ್ಟಿಸ್ಟ್ ಅಲ್ಲವೇ! ನಕಲು ಮಾಡುವುದು ಕೈಯ ಕೆಲಸ, ಕಾಣುವುದು ಮನಸ್ಸಿನ ಕೆಲಸ ಅಂತ ಪ್ರತಿ ಭಾನುವಾರ ಭಾಷಣ ಮಾಡುವವನು. ಹುಡುಗರು ಕ್ಯಾಲೆಂಡರಿನ ಚಿತ್ರ ಕತ್ತರಿಸಿ ತಂದರೆ ಕಸಿದು ಇಟ್ಟುಕೊಳ್ಳುವವನು. ಒಮ್ಮೆ ಒಬ್ಬ ಹುಡುಗಿ ಕೇಳಿದ್ದಳು, ನೋಡದೇ ಇರುವುದನ್ನು ಬರೆದರೆ ತಪ್ಪು ಹಿಡಿಯುವವರು ಯಾರು ಅಂತ. ತಪ್ಪೇ ಇರುವುದಿಲ್ಲ, ಅದೇ ಕಲೆ ಅಂದಿದ್ದೆ. ಎಲ್ಲರೂ ಬರೆದುಕೊಂಡರು.

ಶಾಂತಾಬಾಯಿಗೂ ಹಾಗೇ ಹೇಳಿದೆ. ಅಣ್ಣ ಬೇಡ, ಫೋಟೋ ಬೇಡ, ನೀವು ಬಾಯಿಂದ ಹೇಳಿ, ನಾನು ಬರೆಯುತ್ತೇನೆ.

ಅವರು ಮೂರು ದಿನ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಹೇಳಿದರು. (ಮೂರೋ, ನಾಲ್ಕೋ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೆ ಅವರು ಮೂರು ಅನ್ನುತ್ತಾರೆ.) ಗಂಡನ ಹೆಸರು ಹೇಳದೆ, "ಅವರು" ಅಂತಲೇ ಶುರು ಮಾಡುತ್ತಿದ್ದರು. ಹೇಳುತ್ತ ಹೇಳುತ್ತ ಕೂಸನ್ನು ಮರೆಯುತ್ತಿದ್ದರು. ನಾನು ಗೀಚುತ್ತಿದ್ದೆ. ಹಾಳೆ ತಿರುಗಿಸಿ ತೋರಿಸುತ್ತಿದ್ದೆ. "ಹಿಂಗಲ್ರಿ" ಅನ್ನುತ್ತಿದ್ದರು. ಆ ಹಾಳೆ ಹರಿದು ಇನ್ನೊಂದು. ಮತ್ತೆ "ಹಿಂಗಲ್ರಿ." ಅವರು ಹೇಳಿದ್ದನ್ನು ನಾನು ಒಂದು ಸಾಲೂ ಬರೆದಿಟ್ಟುಕೊಳ್ಳಲಿಲ್ಲ. ಬರೆದಿಟ್ಟರೆ ಅದೂ ನೋಡಿ ನಕಲು ಮಾಡುವ ಒಂದು ರೆಫರೆನ್ಸ್ ಆಗಿಬಿಡುತ್ತದಲ್ಲ?

ಕೊನೆಯ ದಿನ ಸಂಜೆ ಒಂದು ಮುಖ ಹಾಳೆಯ ಮೇಲೆ ತಾನಾಗಿ ಬಂದು ಕೂತಿತು. ಚೂಪು ಗದ್ದ, ಸ್ವಲ್ಪ ಸಣ್ಣಗಾದ ಎಡಗಣ್ಣು, ಏನೋ ಹೇಳಬೇಕೆಂದು ಹೇಳದೆ ಬಿಟ್ಟಂಥ ಬಾಯಿ. ಶಾಂತಾಬಾಯಿ ಬಹಳ ಹೊತ್ತು ನೋಡಿದರು. ಕಡೆಗೆ, ಹ್ಞೂಂ, ಹಿಂಗೇ ಇದ್ರು ಅಂದರು.

ಗುರುತು ಹಿಡಿದು ಹೇಳಿದರೋ, ಸಾಕಾಗಿ ಹೇಳಿದರೋ? ಆಗ ನನಗೆ ಈ ಪ್ರಶ್ನೆ ಹುಟ್ಟಲಿಲ್ಲ. ಮುಂದಿನ ಭಾನುವಾರ ಮಕ್ಕಳ ಮುಂದೆ ಮೀಸೆ ತಿರುವಿದೆ. ಖಾಜಾಸಾಬನಿಗೂ ಹೇಳಿದೆ. ಅವನು ಚಿತ್ರಕ್ಕೆ ಗಾಜು ಕೂರಿಸುತ್ತ, "ಅಣ್ಣಂದು ಒಂದ್ ಕೂದಲಾನೂ ಬಂದಿಲ್ಲ ನೋಡ್ರಿ ಇದ್ರಾಗ" ಅಂದ. ಹೊಟ್ಟೆಕಿಚ್ಚು ಅಂದುಕೊಂಡೆ.

ಈಗ ಹೋದ ತಿಂಗಳಿಗೆ ಬರೋಣ. ಹೈದರಾಬಾದಿನಿಂದ ಬಂದ ಗೆಳೆಯನೊಬ್ಬನನ್ನು ಕಾಣಲು ಸ್ಟೇಶನ್ ಬಜಾರಿನ ಒಂದು ಲಾಡ್ಜಿಗೆ ಹೋಗಿದ್ದೆ. ಆ ಲಾಡ್ಜಿನ ಮುಂದೆ ಚಹಾ ಕುಡಿಯುತ್ತ ನಾನು ಎಷ್ಟೋ ವರ್ಷ ಕಳೆದಿದ್ದೇನೆ. ಒಳಗೆ ಕಾಲಿಟ್ಟದ್ದು ಅದೇ ಮೊದಲು. ಕೌಂಟರಿನಲ್ಲಿ ಕೂತವನು ರಿಜಿಸ್ಟರಿನಿಂದ ತಲೆ ಎತ್ತಿದ.

ಚೂಪು ಗದ್ದ. ಸಣ್ಣಗಾದ ಎಡಗಣ್ಣು. ಅದೇ ಬಾಯಿ.

ಯಾವ ರೂಮು ಅಂತ ಕೇಳಿದ. ಅವನ ಪಕ್ಕದ ಕಿಟಕಿಯಿಂದ ನಾನು ಚಹಾ ಕುಡಿಯುವ ಅಂಗಡಿ ಕಾಣುತ್ತಿತ್ತು. ವರ್ಷಗಟ್ಟಲೆ ರಸ್ತೆಯ ಆಚೆಯಿಂದ, ಕಿಟಕಿಯೊಳಗಿನ ಈ ಮುಖವನ್ನು ನೋಡಿದ್ದೇನೆ, ನೋಡಿದ್ದು ಗೊತ್ತೇ ಇಲ್ಲ. ನಾವು ಕಲ್ಪನೆ ಕಲ್ಪನೆ ಅಂತ ಎದೆ ತಟ್ಟಿಕೊಳ್ಳುತ್ತೇವಲ್ಲ, ಅದು ಏನು? ಎಲ್ಲಿಂದ ತಂದೆ ಅನ್ನುವುದು ಮರೆತುಹೋದ ರೆಫರೆನ್ಸ್, ಅಷ್ಟೆ. ಅಣ್ಣನನ್ನು ಕೂಡಿಸಿ ಬರೆದಿದ್ದರೆ ಆ ಮನೆತನದ ಮೂಗಾದರೂ ಬರುತ್ತಿತ್ತು. ಈಗ ಜೀವಂತ ಇರುವ, ಸಂಬಂಧವಿಲ್ಲದ ಒಬ್ಬ ಮನುಷ್ಯ ಕಮಲಾಪುರದ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದಾನೆ.

ಹೇಳಿಬಿಡಬೇಕು ಅಂತ ಕಳೆದ ವಾರ ಕಮಲಾಪುರದ ಬಸ್ಸು ಹತ್ತಿದೆ. ಅಣ್ಣನನ್ನು ಕೂಡಿಸಿ ಬೇರೆ ಚಿತ್ರ ಬರೆದುಕೊಡುತ್ತೇನೆ ಅನ್ನುವ ಮಾತನ್ನೂ ದಾರಿಯುದ್ದಕ್ಕೂ ತಯಾರು ಮಾಡಿಕೊಂಡೆ.

ಅಂದು ಸಂತೆ. ಶಾಂತಾಬಾಯಿ ಕೆಂಪು ಬಾಳೆಹಣ್ಣು ಮಾರಿ ಆಗಷ್ಟೇ ಮನೆಗೆ ಬಂದಿದ್ದರು. ಕುರ್ಚಿ ಒರೆಸಿ ಕೂಡಿಸಿದರು. ಎದುರಿನ ಗೋಡೆಯ ಮೇಲೆ ಲಾಡ್ಜಿನವನೇ ಇದ್ದ. ನಾನು ಬಾಯಿ ತೆರೆಯುವ ಮೊದಲೇ ಅವರು ಮಗಳಿಗೆ ಪಕ್ಕದ ಮನೆಯಿಂದ ಸಕ್ಕರೆ ತರಲು ಹೇಳಿದರು. ಮಗಳು ಹೊಸ್ತಿಲು ದಾಟಿದ ಮೇಲೆ ದನಿ ಇಳಿಸಿದರು.

"ಸಿಟ್ಟಾಗಬ್ಯಾಡ್ರಿ ಸರ್. ಮೊದಲ ಕಣ್ಣು ಮುಚ್ಚಿದ್ರ ಅವರ ಮಾರಿ ಬರ್ತಿತ್ತು. ಈಗ ನೀವು ಬರೆದ ಚಿತ್ರಾನೇ ಬರ್ತದ. ಅವರು ಬರವಲ್ರು."

ನನ್ನ ತಯಾರಿ ಎಲ್ಲ ಎಲ್ಲಿ ಹೋಯಿತೋ. ಹಾಗಾದರೆ ಚಿತ್ರ ಇಳಿಸಿಬಿಡೋಣ ಅಂದೆ. ಮಗಳು ಬಿಡುವುದಿಲ್ಲ ಅಂದರು. ಅಂಗನವಾಡಿಗೆ ಹೊರಟಾಗ ಅದು ಅಪ್ಪನಿಗೆ ಹೇಳಿಯೇ ಹೋಗುತ್ತದಂತೆ. ಒಂದು ದಿನ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟದ್ದಕ್ಕೆ ಊಟ ಬಿಟ್ಟಿತ್ತಂತೆ. ಅಣ್ಣನ ಮುಖ ನೋಡಿದರಾದರೂ ನೆನಪಾಗುವುದಿಲ್ಲವೇ ಅಂದೆ.

"ಭಾವನ ಮಾರಿ ನೋಡಿದ್ರ ಭಾವನೇ ಕಾಣ್ತಾರ್ರಿ" ಅಂದು ಸ್ವಲ್ಪ ನಕ್ಕರು. ಆಮೇಲೆ ನಗು ನಿಲ್ಲಿಸಿ, ನನ್ನ ಕಡೆ ಸರಿದು ಕೂತರು.

"ಆವಾಗ ಮೂರು ದಿನ ನಿಮ್ಮ ಮುಂದ ಕುಂತು ಹೇಳೀನಲ್ರಿ, ಅವರು ಹೆಂಗಿದ್ರು ಅಂತ. ಮತ್ತ್ಯಾರ ಮುಂದೂ ಹಂಗ ಹೇಳಿಲ್ಲ. ನನಗ ಈಗ ನೆನಪಾಗವಲ್ದು. ನಾ ಏನ್ ಹೇಳಿದ್ದೆ ಅಷ್ಟು ಹೇಳ್ರಿ, ಸಾಕು."

ಅವರಿಗೆ ಹೊಸ ಚಿತ್ರ ಬೇಕಾಗಿರಲಿಲ್ಲ. ತಾವು ಆಡಿದ ಮಾತು ವಾಪಸ್ ಬೇಕಾಗಿತ್ತು. ಆ ಮಾತಿನಲ್ಲಿ ಅವರ ಗಂಡ ಇದ್ದ. ಆ ಮಾತು ಕೇಳಿದವನು ಜಗತ್ತಿನಲ್ಲಿ ನಾನೊಬ್ಬನೇ.

"ಗದ್ದ ಸ್ವಲ್ಪ ಚೂಪು ಅಂದಿದ್ರಿ" ಅಂದೆ.

ಅವರು ತಲೆಯಾಡಿಸಿದರು. ಮುಂದೆ ಹೇಳಲಿ ಅಂತ ಕಾದರು.

"ಎಡಗಣ್ಣು..." ಅಂದವನು ನಿಲ್ಲಿಸಿದೆ. ಲಾಡ್ಜಿನವನನ್ನು ಹೇಳುತ್ತಿದ್ದೆ. ಬೇರೆ ಏನಾದರೂ ಹುಡುಕಿದೆ. ಹುಬ್ಬು? ಮೂಗು? ನಗುವಾಗ ಗಂಡ ಹೇಗೆ ಕಾಣುತ್ತಿದ್ದರು ಅಂತ ಒಂದು ಸಂಗತಿ ಹೇಳಿದ್ದರು, ಅದನ್ನು ಹೇಳುವಾಗ ತಾವೂ ನಕ್ಕಿದ್ದರು. ಅವರು ನಕ್ಕದ್ದು ನೆನಪಿದೆ. ಹೇಳಿದ್ದು ಇಲ್ಲ.

ಮಗಳು ಸಕ್ಕರೆ ತಂದಳು. ಚಹಾ ಆಯಿತು. ಕುಡಿದು ಎದ್ದೆ. ಅವರು ಮತ್ತೆ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಅಂತ ಅವರೇ ನನ್ನನ್ನು ಕಳಿಸಿಕೊಟ್ಟರು.

ಒಬ್ಬ ಹೆಣ್ಣುಮಗಳು ಮೂರು ದಿನ ನನ್ನೆದುರು ಕೂತು ತನ್ನ ಗಂಡನ ಮುಖ ಹೇಳುತ್ತಿದ್ದಾಗ, ನಾನು ಮಾಡುತ್ತಿದ್ದದ್ದು ಏನು?