ಟ್ಯಾಂಕ್ ಅಕ್ಕನ ಎಡಗಾಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಈ ನೀರಿನ ಟ್ಯಾಂಕಿನ ಬುಡದಲ್ಲಿ ನಿಂತು ಕತ್ತೆತ್ತಿದರೆ ಟೋಪಿಯಲ್ಲ, ತಲೆಯೇ ಕಳಚಿ ಬೀಳಬೇಕು, ಅಷ್ಟೆತ್ತರ. ಕಾಗೆಗಳೂ ಅರ್ಧ ದಾರಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತವೆ. ಕಬ್ಬಿಣದ ಏಣಿ ಇಬ್ಬನಿಗೆ ಒದ್ದೆಯಾಗಿದೆ. ಹುಲಿ ಎದುರಾದರೂ ಕೆಮ್ಮಿ ಓಡಿಸುವ ಗಂಡು ನಾನು. ಮೊದಲ ಮೆಟ್ಟಿಲು ಮುಟ್ಟಿ, ಕೈ ಒರೆಸಿಕೊಂಡು ಹಿಂದೆ ಸರಿಯುತ್ತೇನೆ.

ಇದನ್ನು ದಿನಾ ಹತ್ತುತ್ತಿದ್ದವಳ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿದ್ದೇನೆ. ಬಡಾವಣೆಯವರು ಆಕೆಯನ್ನು ‘ಟ್ಯಾಂಕ್ ಅಕ್ಕ’ ಎನ್ನುತ್ತಾರೆ. ಮುಚ್ಚಳ ತೆಗೆದು ನೀರಿನ ಮಟ್ಟ ನೋಡುವುದು, ಬ್ಲೀಚಿಂಗ್ ಪುಡಿ ಹಾಕುವುದು ಆಕೆಯ ಕೆಲಸ. ಕೆಳಗೆ ವಾಲ್ವ್ ತಿರುಗಿಸುವುದು ತಂಗಿಯ ಕೆಲಸ. ಇಬ್ಬರಿಗೂ ಏಣಿ ಹತ್ತಲು ಕಲಿಸಿದ್ದು ಅಪ್ಪ. ಜಗತ್ತಿನ ಅರ್ಧ ಜನ ಹಲ್ಲುಜ್ಜುವುದೇ ಇವರ ದಯೆಯಿಂದ. ನಲ್ಲಿ ನಿಂತ ದಿನ ಮಾತ್ರ ಇವರ ನೆನಪಾಗುತ್ತದೆ, ಅದೂ ಬೈಗುಳದೊಂದಿಗೆ.

ಕೆಲವು ತಿಂಗಳ ಹಿಂದೆ ಅಕ್ಕನ ಎಡತೊಡೆ ಮೇಲೇಳದಾಯಿತು. ಆಕೆ ಬಾಯಿ ಬಿಡಲಿಲ್ಲ. ಏಣಿಯ ಮೇಲೆ ಒಂದು ಕೈ ಬಿಟ್ಟು, ಮಂಡಿಯ ಹತ್ತಿರ ಪ್ಯಾಂಟಿನ ಬಟ್ಟೆ ಹಿಡಿದು, ಕಾಲನ್ನು ಬಕೆಟ್ಟಿನಂತೆ ಎತ್ತಿ ಮುಂದಿನ ಮೆಟ್ಟಿಲಿಗಿಡುತ್ತಿದ್ದಳು.

“ಅದನ್ನ ಕಂಡಾಗ ನನ್ನ ಜೀವ ಬಾಯಿಗೆ ಬಂತು. ಕೂಗಿದ್ರೆ ಬೆಚ್ಚಿಬೀಳ್ತಾಳೆ ಅಂತ ತೋಳು ಕಚ್ಕೊಂಡು ನಿಂತೆ,” ಎನ್ನುತ್ತಾಳೆ ತಂಗಿ. “ಇಳಿದ್ಮೇಲೆ ಬಿಟ್ನಾ? ಗೊತ್ತಿರೋ ಬೈಗುಳ ಎಲ್ಲಾ ಖಾಲಿ!”

ಮರುದಿನವೇ ಫಿಸಿಯೋಥೆರಪಿ ಡಾಕ್ಟರ ಮುಂದೆ ಹಾಜರಿ. ನೋವು ಇಲ್ಲಿ ಎಂದು ಅಕ್ಕ ಬೆನ್ನು ತೋರಿಸಿದರೆ ಡಾಕ್ಟರು ಒತ್ತಿದ್ದು ತೊಡೆಸಂದಿನ ಮುಂಭಾಗವನ್ನು. “ಅರಚೋದು ಬೆನ್ನು, ಕಳ್ಳ ಇರೋದು ಇಲ್ಲಿ ಕಣಮ್ಮಾ.”

ಆ ಕಳ್ಳ ಒಬ್ಬನಲ್ಲ, ಜೋಡಿ. ಸೊಂಟದ ಮಟ್ಟದ ಬೆನ್ನುಮೂಳೆಯ ಬದಿಯಿಂದ ಒಂದು ಸ್ನಾಯು ಹೊರಡುತ್ತದೆ, ಸೊಂಟದೆಲುಬಿನ ಒಳಗಿನಿಂದ ಇನ್ನೊಂದು. ಎರಡೂ ತೊಡೆಸಂದಿನ ಮುಂದೆ ಹಾಯ್ದು, ಒಂದಾಗಿ, ತೊಡೆಮೂಳೆಯ ಮೇಲ್ತುದಿಯ ಒಳಮಗ್ಗುಲಿಗೆ ಅಂಟುತ್ತವೆ. ಅವು ಕುಗ್ಗಿ ಎಳೆದರೆ ತೊಡೆ ಏಳುತ್ತದೆ. ತೊಡೆಯ ಮುಂದಿನ ಉದ್ದ ಸ್ನಾಯುವೊಂದು ಕೈಜೋಡಿಸುತ್ತದೆ, ಅಷ್ಟೇ. ಈ ಜೋಡಿ ಮುನಿದರೆ ಚಕ್ರವರ್ತಿಯೂ ಹೊಸ್ತಿಲು ದಾಟಲಾರ.

“ನೋವು ಬಂದ್ರೆ ಕೂತ್ಕೋಬೇಕು ಅಂದ್ಕೊಂಡಿದ್ದೆ,” ಎನ್ನುತ್ತಾಳೆ ಅಕ್ಕ. ಎಡವಟ್ಟಾದದ್ದೇ ಅಲ್ಲಿ. ಏಣಿ ಇಳಿದವಳು ಪಂಪ್‌ಮನೆಯ ಗಿಡ್ಡ ಮಣೆಯ ಮೇಲೆ, ಮಂಡಿ ಎದೆಗೆ ತಾಗುವಂತೆ ದಿನವಿಡೀ ಕೂರುತ್ತಿದ್ದಳು. ಮಡಿಚೇ ಇಟ್ಟ ಸ್ನಾಯು ಗಿಡ್ಡವಾಗಿ, ಬಲಗುಂದಿ, ಎದ್ದು ನಿಂತಾಗಲೆಲ್ಲ ಬೆನ್ನನ್ನು ಜಗ್ಗುತ್ತಿತ್ತು. ಈಗ ದಿನಾ ಒಂದು ಮಂಡಿಯೂರಿ ಅದನ್ನು ಹಿಗ್ಗಿಸುತ್ತಾಳೆ, ಗೋಡೆ ಹಿಡಿದು ಕಾಲೆತ್ತುತ್ತಾಳೆ.

ಇಷ್ಟು ದಿನ ಬೇರೆ ಟ್ಯಾಂಕಿನವನು ಬಂದು ಹತ್ತಿದ. ಇವತ್ತು ಇವರಿಬ್ಬರಲ್ಲಿ ಒಬ್ಬರಾದರೂ ಹತ್ತದಿದ್ದರೆ ಇನ್ನು ಮುಂದೆ ಕೆಲಸ ಅವನದೇ.

“ಕೈ ಬಿಟ್ಟೆಯೋ, ನಾನೇ ಬಂದು ಕೆಡವ್ತೀನಿ!” ಎಂದು ತಂಗಿ ಗದರುತ್ತಾಳೆ.

ಬೆಳಕು ಹರಿಯುತ್ತಿದ್ದಂತೆ ಅಕ್ಕ ಹತ್ತುತ್ತಾಳೆ. ಬಲಗಾಲು, ಎಡಗಾಲು. ಅರ್ಧಕ್ಕೆ ಹೋಗುವಷ್ಟರಲ್ಲಿ ಎಡಗಾಲು ನಿಲ್ಲುತ್ತದೆ. ತೊಡೆ ನಡುಗುವುದು ಇಲ್ಲಿಂದಲೇ ಕಾಣುತ್ತದೆ. ಎಡಗೈ ಏಣಿ ಬಿಟ್ಟು ಮೆಲ್ಲಗೆ ಮಂಡಿಯ ಕಡೆಗೆ ಇಳಿಯುತ್ತದೆ. ತಂಗಿಯ ಉಗುರು ನನ್ನ ತೋಳಿನಲ್ಲಿ.

ಕೈ ಮತ್ತೆ ಏಣಿಗೆ ಮರಳುತ್ತದೆ. ಅಕ್ಕ ಒಂದೊಂದೇ ಮೆಟ್ಟಿಲು ಇಳಿದು ಬಂದು, ಬ್ಲೀಚಿಂಗ್ ಪುಡಿಯ ಚೀಲ ತಂಗಿಯ ಹೆಗಲಿಗೆ ಹಾಕುತ್ತಾಳೆ.

“ಇವತ್ತು ನೀನು ಹೋಗು.”

“ನಾನಾ? ಎಷ್ಟು ವರ್ಷ ಆಯ್ತೇ ಹತ್ತಿ!”

“ಅಪ್ಪ ಇಬ್ಬರಿಗೂ ಕಲಿಸಿದ್ದಲ್ವಾ? ಹೋಗು.”

ತಂಗಿ ಹೋಗುತ್ತಾಳೆ. ಚಿಕ್ಕದಾಗಿ ಕಾಣುತ್ತಾಳೆ, ಇರುವೆಯಾಗುತ್ತಾಳೆ. ಅಕ್ಕನ ಹಣೆಯಲ್ಲಿ ಬೆವರು. ಕಣ್ಣು ಮುಚ್ಚಿದವಳು ಮೇಲಿಂದ ಮುಚ್ಚಳದ ಸದ್ದು ಕೇಳಿಸುವವರೆಗೆ ತೆರೆಯುವುದೇ ಇಲ್ಲ.

“ಕಾಲು ಬೇಗ ಸರಿಹೋದ್ರೆ ಸಾಕು ಸಾರ್, ಇನ್ನೇನೂ ಬೇಡ,” ಎನ್ನುತ್ತಾಳೆ ಪಿಸುಮಾತಿನಲ್ಲಿ. “ಮೇಲೆ ಹತ್ತಿದ್ರೆ ಇಷ್ಟು ಭಯ ಆಗಲ್ಲ. ಇವಳು ಇಷ್ಟು ವರ್ಷ ಇಲ್ಲಿ ಕೆಳಗೆ ಹೇಗೆ ನಿಂತಿದ್ಲೋ!”